ಉಪಗ್ರಹ ಕಟ್ಟುವವರು ಎಲ್ಲಿಂದ ಬರುತ್ತಾರೆ?

ಇಸ್ರೋದ ಕೇಂದ್ರೀಕೃತ ನೇಮಕಾತಿ ಮಂಡಳಿ ವಿಜ್ಞಾನಿ-ಎಂಜಿನಿಯರ್ ಹುದ್ದೆಗಳಿಗೆ ಹೊರಡಿಸುವ ಪ್ರಕಟಣೆಯನ್ನು ಪಿಯುಸಿ ಮಕ್ಕಳೂ ಅವರ ಪೋಷಕರೂ ಒಮ್ಮೆ ಪೂರ್ತಿ ಓದಬೇಕು. ಅಲ್ಲಿ ಸಾಮಾನ್ಯವಾಗಿ ಕರೆಯುವುದು ಮೂರು ವಿಭಾಗದವರನ್ನು: ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್. ಕೆಲವು ಸಲ ಸಿವಿಲ್, ಎಲೆಕ್ಟ್ರಿಕಲ್, ಶೈತ್ಯೀಕರಣ, ಆರ್ಕಿಟೆಕ್ಚರ್ ಓದಿದವರಿಗೂ ಜಾಗ ಇರುತ್ತದೆ. ಪದವಿಯಲ್ಲಿ ಶೇ 65 ಅಂಕ ಅಥವಾ ಹತ್ತಕ್ಕೆ 6.84 ಸಿಜಿಪಿಎ ಬೇಕು. ಆಮೇಲೆ ಲಿಖಿತ ಪರೀಕ್ಷೆ, ಸಂದರ್ಶನ. ಆಯ್ಕೆಯಾದರೆ 7ನೇ ವೇತನ ಆಯೋಗದ ಹತ್ತನೇ ಹಂತ, ಅಂದರೆ ₹56,100 ಮೂಲ ವೇತನ. ಈ ಪಟ್ಟಿಯಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್ ಕಾಣುವುದು ಅಪರೂಪ.

ಇದು ಅನೇಕರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದಲೇ ‘ಏರೋಸ್ಪೇಸ್’ ಅನ್ನುವ ಹೆಸರು ನೋಡಿ, ಸಾಲ ಮಾಡಿ, ಪ್ರಯೋಗಾಲಯವೇ ಸರಿಯಿಲ್ಲದ ಕಾಲೇಜಿನಲ್ಲಿ ಸೀಟು ಹಿಡಿಯುವ ಕುಟುಂಬಗಳಿವೆ. ನಾಲ್ಕು ವರ್ಷದ ಮೇಲೆ ಆ ಮಕ್ಕಳು ಸಾಫ್ಟ್‌ವೇರ್ ಕಂಪನಿಗಳ ಕ್ಯಾಂಪಸ್ ಸಂದರ್ಶನಕ್ಕೆ ಸಾಲು ನಿಲ್ಲುತ್ತಾರೆ. ಏರೋಸ್ಪೇಸ್ ಓದು ವ್ಯರ್ಥ ಅಂತಲ್ಲ. ರಾಕೆಟ್ಟಿನ ಸುತ್ತ ಗಾಳಿ ಹರಿಯುವ ಲೆಕ್ಕ, ಎಂಜಿನ್ನಿನ ಒಳಗಿನ ದಹನ, ಹಗುರ ರಚನೆಗಳ ಬಲ ಇವೆಲ್ಲ ಆ ಶಾಸ್ತ್ರದ ಸೊತ್ತು. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಕೇಂದ್ರ ಇದೇ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದವರನ್ನು ಪ್ರತ್ಯೇಕವಾಗಿಯೂ ಕರೆಯುತ್ತದೆ. ಆದರೆ ಮೊದಲ ಪದವಿಯಲ್ಲಿ ಮೆಕ್ಯಾನಿಕಲ್ಲೋ ಎಲೆಕ್ಟ್ರಾನಿಕ್ಸೋ ಗಟ್ಟಿಯಾಗಿ ಕಲಿತು, ಆಮೇಲೆ ಎಂಟೆಕ್‌ನಲ್ಲಿ ಏರೋಸ್ಪೇಸ್‌ಗೆ ತಿರುಗುವುದು ಹೆಚ್ಚು ಭದ್ರವಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಉಪಗ್ರಹವೊಂದರ ಒಳಗೆ ಇರುವುದರಲ್ಲಿ ಬಹುಪಾಲು ಎಲೆಕ್ಟ್ರಾನಿಕ್ಸ್. ಅದನ್ನು ನಡೆಸುವುದು ಸಾಫ್ಟ್‌ವೇರ್. ಅದನ್ನು ಹಿಡಿದಿಟ್ಟು ತಂಪಾಗಿ, ಬೆಚ್ಚಗೆ ಕಾಯುವುದು ಮೆಕ್ಯಾನಿಕಲ್ ವಿದ್ಯೆ.

ಹೆಚ್ಚು ಪ್ರಚಾರ ಸಿಕ್ಕಿರುವ ದಾರಿ ಇನ್ನೊಂದು: ಭಾರತೀಯ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ತಿರುವನಂತಪುರದಲ್ಲಿ 2007ರಲ್ಲಿ ಶುರುವಾದ ಇದು ಬಾಹ್ಯಾಕಾಶ ಇಲಾಖೆಯದೇ ವಿದ್ಯಾಸಂಸ್ಥೆ. ಏರೋಸ್ಪೇಸ್ ಮತ್ತು ಏವಿಯಾನಿಕ್ಸ್‌ನಲ್ಲಿ ಬಿಟೆಕ್, ಎಂಜಿನಿಯರಿಂಗ್ ಫಿಸಿಕ್ಸ್‌ನಲ್ಲಿ ಐದು ವರ್ಷದ ಜೋಡಿ ಪದವಿ ಇಲ್ಲಿವೆ. ಪ್ರವೇಶ ಜೆಇಇ ಅಡ್ವಾನ್ಸ್‌ಡ್ ಮೂಲಕ. ನಿಗದಿತ ಮಟ್ಟದಲ್ಲಿ ಪಾಸಾದವರನ್ನು ಖಾಲಿ ಹುದ್ದೆಗಳಿಗೆ ಅನುಗುಣವಾಗಿ ಇಸ್ರೋ ನೇರವಾಗಿ ಸೇರಿಸಿಕೊಳ್ಳುತ್ತದೆ. ಸಂಸ್ಥೆ ಒಳ್ಳೆಯದು, ಕಲಿಕೆ ಗಂಭೀರವಾದದ್ದು. ತೊಂದರೆ ಇರುವುದು ಬೇರೆ ಕಡೆ: ಸೀಟು ತೀರ ಕಡಿಮೆ, ಪರೀಕ್ಷೆ ಕೋಚಿಂಗ್‌ಗೆ ಹಣ ಸುರಿಯಬಲ್ಲವರ ಕಡೆಗೆ ವಾಲಿದ್ದು. ಹದಿನೇಳನೇ ವಯಸ್ಸಿನಲ್ಲಿ ಆ ರ್‍ಯಾಂಕ್ ಬಾರದ ಹುಡುಗ ‘ಇನ್ನು ನನಗೆ ಆಕಾಶ ಇಲ್ಲ’ ಎಂದು ತೀರ್ಮಾನಿಸಿಬಿಟ್ಟರೆ ಅದು ತಪ್ಪು ಮಾಹಿತಿಯಿಂದ ಆದ ನಷ್ಟ. ಈ ಕ್ಷೇತ್ರವನ್ನು ಕಟ್ಟಿದವರ ಓದಿನ ಹಾದಿ ನೋಡಿದರೆ ಇದು ತಿಳಿಯುತ್ತದೆ.

ಉಡುಪಿ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಓದಿದ್ದು ಭೌತಶಾಸ್ತ್ರ. ಅನಂತಪುರದಲ್ಲಿ ಬಿಎಸ್ಸಿ, ಬನಾರಸ್‌ನಲ್ಲಿ ಎಂಎಸ್ಸಿ, ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯ್ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ. ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಅವರ ನೇತೃತ್ವದ ತಂಡ ‘ಆರ್ಯಭಟ’ವನ್ನು ಕಟ್ಟಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಕಕ್ಷೆಗೆ ಸೇರಿಸಿತು. ಅದಕ್ಕೂ ಮೊದಲು ಈ ದೇಶದಲ್ಲಿ ಯಾರೂ ಉಪಗ್ರಹ ಕಟ್ಟಿರಲಿಲ್ಲ. ಹಾಗಾಗಿ ಆ ತಂಡದ ತರುಣರು ಕೆಲಸ ಮಾಡುತ್ತಲೇ ಕೆಲಸ ಕಲಿತರು. ಹಾಸನದಲ್ಲಿ ಹುಟ್ಟಿ 2015ರಿಂದ 2018ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದ ಎ.ಎಸ್. ಕಿರಣ್ ಕುಮಾರ್ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬಿಎಸ್ಸಿ ಫಿಸಿಕ್ಸ್ ಓದಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಎಂಎಸ್ಸಿ ಮಾಡಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಟೆಕ್ ಮುಗಿಸಿದವರು. 2025ರ ಜನವರಿಯಲ್ಲಿ ಅಧ್ಯಕ್ಷರಾದ ವಿ. ನಾರಾಯಣನ್ ಡಿಪ್ಲೊಮಾ ಓದಿದವರು. ಆಮೇಲೆ ಎಂಜಿನಿಯರಿಂಗ್ ಪದವಿಗೆ ಸಮಾನವಾದ ಎಎಂಐಇ ಮಾಡಿಕೊಂಡು, 1984ರಲ್ಲಿ ಇಸ್ರೋ ಸೇರಿ, ಅಲ್ಲಿಂದ ಖರಗ್‌ಪುರ ಐಐಟಿಗೆ ಹೋಗಿ ಕ್ರಯೋಜೆನಿಕ್ ಎಂಜಿನಿಯರಿಂಗ್ ಕಲಿತರು. ಚಂದ್ರಯಾನ-3ರ ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್ ಕೂಡ ಪಾಲಿಟೆಕ್ನಿಕ್‌ನಿಂದಲೇ ಶುರುಮಾಡಿ ಐಐಟಿ ಮದ್ರಾಸ್‌ನ ಪಿಎಚ್‌ಡಿವರೆಗೆ ಹೋದವರು.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾಕ್ಕೆ ಸೇರಿದ ಮಕ್ಕಳನ್ನು ‘ಪಿಯುಸಿ ಸೈನ್ಸ್ ಸಿಗಲಿಲ್ಲವೇನೋ’ ಎಂಬಂತೆ ನೋಡುವ ರೂಢಿ ಇದೆ. ಐಟಿಐಗಂತೂ ಇನ್ನೂ ಕೆಳಗಿನ ಸ್ಥಾನ. ಬಾಹ್ಯಾಕಾಶ ಕ್ಷೇತ್ರದ ಮಟ್ಟಿಗೆ ಈ ದೃಷ್ಟಿ ಪೂರ್ತಿ ತಪ್ಪು. ಯಾಕೆ ಎಂದು ಹೇಳಲು ಒಂದು ಬೆಸುಗೆಯ ಕೆಲಸವನ್ನೇ ಹತ್ತಿರದಿಂದ ನೋಡೋಣ.

ಉಪಗ್ರಹಕ್ಕೆ ಹೋಗುವ ಸರ್ಕ್ಯೂಟ್ ಬೋರ್ಡಿನ ಮುಂದೆ ಕೂತ ಟೆಕ್ನಿಷಿಯನ್ ಮೊದಲು ಮಾಡುವುದು ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಳ್ಳುವುದು. ಮೈಯಲ್ಲಿ ಸೇರಿಕೊಂಡ ಸ್ಥಿರವಿದ್ಯುತ್ತಿನ ಒಂದು ಕಿಡಿ, ನಮ್ಮ ಅರಿವಿಗೇ ಬಾರದಷ್ಟು ಚಿಕ್ಕದು, ಚಿಪ್ ಒಳಗಿನ ಪದರವನ್ನು ಅರ್ಧ ಸುಟ್ಟುಬಿಡಬಲ್ಲದು. ಅರ್ಧ ಸುಟ್ಟ ಚಿಪ್ ನೆಲದ ಮೇಲಿನ ಪರೀಕ್ಷೆಯಲ್ಲಿ ಪಾಸಾಗಿ ಕಕ್ಷೆಯಲ್ಲಿ ಕೈಕೊಡುತ್ತದೆ. ಚಿನ್ನದ ಲೇಪವಿರುವ ತಂತಿಕಾಲುಗಳನ್ನು ಹಾಗೇ ಬೆಸೆಯುವಂತಿಲ್ಲ. ಚಿನ್ನ ಬೆಸುಗೆಯಲ್ಲಿ ಕರಗಿ ಅದನ್ನು ಪೆಡಸು ಮಾಡುತ್ತದೆ, ಆದ್ದರಿಂದ ಮೊದಲು ಆ ಲೇಪ ತೆಗೆಯಬೇಕು. ಮೊಬೈಲ್ ಕಾರ್ಖಾನೆಗಳು ಸೀಸವನ್ನು ಬಿಟ್ಟು ವರ್ಷಗಳಾದರೂ ಇಲ್ಲಿ ಸೀಸ ಬೆರೆತ ಬೆಸುಗೆಯೇ ಬೇಕು. ಶುದ್ಧ ತವರದ ಮೇಲ್ಮೈಯಿಂದ ಕಾಲ ಕಳೆದಂತೆ ಕೂದಲಿಗಿಂತ ತೆಳ್ಳನೆಯ ಲೋಹದ ಎಳೆಗಳು ತಾವಾಗಿ ಬೆಳೆದು, ಪಕ್ಕದ ಸಂಪರ್ಕವನ್ನು ಮುಟ್ಟಿ ಶಾರ್ಟ್ ಮಾಡುತ್ತವೆ. ಬೆಸುಗೆ ಮುಗಿದ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಜೋಡಣೆಯನ್ನೂ ಇನ್ನೊಬ್ಬರು ನೋಡಿ ಸಹಿ ಹಾಕುತ್ತಾರೆ. ಯಾವ ಬೋಲ್ಟನ್ನು ಎಷ್ಟು ಬಲದಿಂದ ಬಿಗಿದರು ಎಂಬುದೂ ದಾಖಲಾಗುತ್ತದೆ. ಆಮೇಲೆ ನಡುಗುವ ಮೇಜಿನ ಮೇಲೆ ಕಂಪನ ಪರೀಕ್ಷೆ, ಗಾಳಿ ಹೊರತೆಗೆದ ಕೋಣೆಯಲ್ಲಿ ದಿನಗಟ್ಟಲೆ ಬಿಸಿ-ತಂಪಿನ ಆವರ್ತನೆ.

ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಕೈಗೆ ಹತ್ತಬೇಕಾದ್ದು. ಒಂದು ಬೆಸುಗೆ ಕೆಟ್ಟರೆ ಮೇಲೆ ಹೋಗಿ ಸರಿಮಾಡಲು ಯಾರಿಗೂ ಆಗುವುದಿಲ್ಲ. ಇಸ್ರೋ ಟೆಕ್ನಿಷಿಯನ್-ಬಿ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆಗೆ ಸಂಬಂಧಿಸಿದ ವೃತ್ತಿಯ ಐಟಿಐ ಕೇಳುತ್ತದೆ. ಮೂಲ ವೇತನ ₹21,700. ಪ್ರಥಮ ದರ್ಜೆ ಡಿಪ್ಲೊಮಾ ಇದ್ದರೆ ಟೆಕ್ನಿಕಲ್ ಅಸಿಸ್ಟೆಂಟ್, ಮೂಲ ವೇತನ ₹44,900. ಫಿಟ್ಟರ್, ಟರ್ನರ್, ಮಷಿನಿಸ್ಟ್, ವೆಲ್ಡರ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಎಲ್ಲರಿಗೂ ಇಲ್ಲಿ ಜಾಗವಿದೆ. ಬೆಂಗಳೂರಿನ ಇಸ್ರೋ ಕೇಂದ್ರಗಳು ಪದವೀಧರರನ್ನೂ ಡಿಪ್ಲೊಮಾದವರನ್ನೂ ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತವೆ. ಅದು ಮುಗಿದ ಮೇಲೆ ಕೆಲಸ ಕೊಡುವ ಭರವಸೆ ಇಲ್ಲ, ಆದರೆ ಆ ಅವಧಿಯಲ್ಲಿ ನೋಡಿ ಕಲಿತ ಶಿಸ್ತಿಗೆ ಹೊರಗೆ ಬೆಲೆ ಇದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಈಗ ಜಿಲ್ಲೆ ಜಿಲ್ಲೆಗೂ ಹರಡಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನ ಜಿಟಿಟಿಸಿ ಅನ್ನುವುದು, ಮೂರು ವರ್ಷದ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಜೊತೆಗೆ ಒಂದು ವರ್ಷ ಕೈಗಾರಿಕಾ ತರಬೇತಿ ಕೊಡುತ್ತದೆ. ಮೈಕ್ರಾನ್ ಅಳತೆಯಲ್ಲಿ ಯೋಚಿಸುವ ಕೆಲಸಗಾರರನ್ನು ತಯಾರಿಸುವ ಇಂಥ ಕೇಂದ್ರಗಳು ಬಾಹ್ಯಾಕಾಶದ ಚರ್ಚೆಯಲ್ಲಿ ಹೆಸರಿಗೂ ಬಾರದಿರುವುದು ನನಗೆ ಬೇಸರದ ಸಂಗತಿ. ರಾಕೆಟ್ ತಯಾರಿಕೆ ಈಗ ಕಾರ್ಖಾನೆಗಳ ಕಡೆ ಸರಿಯುತ್ತಿದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ 2022ರಲ್ಲಿ ಕ್ರಯೋಜೆನಿಕ್ ಎಂಜಿನ್ ತಯಾರಿಕಾ ಘಟಕ ಉದ್ಘಾಟನೆಯಾಯಿತು. ಚಿಕ್ಕ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನ ಪಡೆಯುವ ಬಿಡ್ಡನ್ನು 2025ರಲ್ಲಿ ಅದೇ ಎಚ್‌ಎಎಲ್ ಗೆದ್ದಿತು. ಇನ್ನು ಬೇಕಾಗುವವರಲ್ಲಿ ಹೆಚ್ಚಿನವರು ನುರಿತ ಕೈಗಳೇ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಥದೇ ಕೈಗೆಲಸದ ಪಾಠ ಸಿಗುವುದು ವಿದ್ಯಾರ್ಥಿ ಉಪಗ್ರಹಗಳಲ್ಲಿ. ಇದರಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವ ಚರಿತ್ರೆ ಇದೆ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ಹುಡುಗ-ಹುಡುಗಿಯರು ಸೇರಿ ಕಟ್ಟಿದ ‘ಸ್ಟಡ್‌ಸ್ಯಾಟ್’ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಕಕ್ಷೆ ಸೇರಿತು. ಹತ್ತು ಸೆಂಟಿಮೀಟರ್ ಅಗಲ, ಹತ್ತು ಉದ್ದ, ಹದಿಮೂರೂವರೆ ಎತ್ತರ. ತೂಕ ಒಂದು ಕಿಲೋಕ್ಕಿಂತ ಕಡಿಮೆ. ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ಅದರ ಭೂಕೇಂದ್ರವನ್ನೂ ವಿದ್ಯಾರ್ಥಿಗಳೇ ನಿಲ್ಲಿಸಿದರು. ಪಿಇಎಸ್ ವಿಶ್ವವಿದ್ಯಾಲಯದ ‘ಪೀಸ್ಯಾಟ್’ 2016ರ ಸೆಪ್ಟೆಂಬರ್ 26ರಂದು ಹಾರಿತು.

ಇಷ್ಟು ಚಿಕ್ಕ ಪೆಟ್ಟಿಗೆ ಕಟ್ಟುವಾಗ ಕಲಿಯುವುದು ಏನೇನು? ಸೌರಫಲಕದಿಂದ ಬರುವ ಕೆಲವೇ ವ್ಯಾಟ್ ವಿದ್ಯುತ್ತನ್ನು ಕ್ಯಾಮೆರಾಕ್ಕೆ ಎಷ್ಟು, ರೇಡಿಯೊಕ್ಕೆ ಎಷ್ಟು, ಭೂಮಿಯ ನೆರಳಿನಲ್ಲಿ ಸಾಗುವಾಗ ಬ್ಯಾಟರಿಗೆ ಎಷ್ಟು ಎಂದು ಹಂಚಬೇಕು. ಒಂದು ಗುಂಪು ಐವತ್ತು ಗ್ರಾಂ ಹೆಚ್ಚು ಬಳಸಿಕೊಂಡರೆ ಇನ್ನೊಂದು ಗುಂಪು ಅಷ್ಟನ್ನು ಬಿಟ್ಟುಕೊಡಬೇಕು. ಹಿರಿಯ ವಿದ್ಯಾರ್ಥಿಗಳು ಪಾಸಾಗಿ ಹೋಗುವಾಗ ತಾವು ಯಾಕೆ ಹೀಗೆ ಮಾಡಿದೆವೆಂದು ಬರೆದಿಡದಿದ್ದರೆ ಮುಂದಿನ ತಂಡ ಮತ್ತೆ ಸೊನ್ನೆಯಿಂದ ಶುರುಮಾಡಬೇಕಾಗುತ್ತದೆ. ಪರಿಶೀಲನಾ ಸಭೆಯಲ್ಲಿ ಇಸ್ರೋದ ಅನುಭವಿಗಳು ಕೇಳುವ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಪರೀಕ್ಷಿಸಿ ಹೇಳುತ್ತೇವೆ’ ಎನ್ನುವ ಧೈರ್ಯ ಬರಬೇಕು. ಇಂಥ ತಂಡದಲ್ಲಿ ಎರಡು ವರ್ಷ ಕಳೆದವರು, ಅವರ ಉಪಗ್ರಹ ಕೊನೆಗೆ ಹಾರದೇ ಹೋದರೂ, ಉದ್ಯಮಕ್ಕೆ ಸಿದ್ಧರಾಗಿರುತ್ತಾರೆ.

ಪೂರ್ತಿ ಉಪಗ್ರಹ ಕಟ್ಟಲು ಹಣ, ಕಾಲ ಎರಡೂ ಬಹಳ ಬೇಕು. ಅದಕ್ಕಿಂತ ಸುಲಭವಾದ ಅವಕಾಶವೊಂದು ಈಗ ತೆರೆದಿದೆ. ಪಿಎಸ್‌ಎಲ್‌ವಿ ತನ್ನ ಉಪಗ್ರಹಗಳನ್ನು ಬಿಟ್ಟ ಮೇಲೆ ಅದರ ನಾಲ್ಕನೇ ಹಂತ ಸುಮ್ಮನೆ ಕಸವಾಗಿ ಸುತ್ತುತ್ತಿತ್ತು. ಅದಕ್ಕೇ ವಿದ್ಯುತ್ತು, ನಿಯಂತ್ರಣ, ಸಂಪರ್ಕ ಕೊಟ್ಟು ಪ್ರಯೋಗ ವೇದಿಕೆಯಾಗಿ ಬಳಸುವ ವ್ಯವಸ್ಥೆಗೆ ‘ಪೊಯೆಮ್’ ಎಂದು ಹೆಸರು. 2024ರ ಡಿಸೆಂಬರ್ 30ರಂದು ಸ್ಪೇಡೆಕ್ಸ್ ಉಪಗ್ರಹಗಳ ಜೊತೆ ಹೋದ ಪೊಯೆಮ್-4ರಲ್ಲಿ 24 ಪ್ರಯೋಗಗಳಿದ್ದವು. ಅವುಗಳಲ್ಲಿ ಹತ್ತು ಸರ್ಕಾರದ ಹೊರಗಿನವರದು. ಬೆಂಗಳೂರಿನ ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನ ತಂಡ ಸೂಕ್ಷ್ಮಜೀವಿಗಳ ಬೆಳವಣಿಗೆ ಅಳೆಯುವ ಪೆಟ್ಟಿಗೆಯೊಂದನ್ನು ಕಳಿಸಿತು. ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ವಿದ್ಯಾಲಯ ಹವ್ಯಾಸಿ ರೇಡಿಯೊ ಸಂದೇಶ ಬಿತ್ತರಿಸುವ ಉಪಕರಣ ಕಳಿಸಿತು. ಆ ಎರಡನೆಯದು ನನಗೆ ಹೆಚ್ಚು ಮುಖ್ಯ, ಯಾಕೆಂದರೆ ಅದು ಬೆಂಗಳೂರಿನ ಗಡಿ ದಾಟಿದ ಕೆಲಸ. ಚಿಕ್ಕಬಳ್ಳಾಪುರಕ್ಕೆ ಆದದ್ದು ಕಲಬುರಗಿಗೆ, ಶಿವಮೊಗ್ಗಕ್ಕೆ, ಬಾಗಲಕೋಟೆಗೆ ಯಾಕೆ ಆಗಬಾರದು?

ಖಾಸಗಿ ಕಂಪನಿಗಳ ಕಥೆ ಬಾಹ್ಯಾಕಾಶ ಕ್ಷೇತ್ರದ 2020ರ ಸುಧಾರಣೆಗಳ ನಂತರ ವೇಗ ಪಡೆದುಕೊಂಡದ್ದು. ಹೈದರಾಬಾದಿನ ಸ್ಕೈರೂಟ್ 2022ರ ನವೆಂಬರ್ 18ರಂದು ‘ವಿಕ್ರಮ್-ಎಸ್’ ರಾಕೆಟ್ ಹಾರಿಸಿತು. ಐಐಟಿ ಮದ್ರಾಸ್‌ನಲ್ಲಿ ಮೊಳೆತ ಅಗ್ನಿಕುಲ್ 2024ರ ಮೇ 30ರಂದು ತನ್ನ ರಾಕೆಟ್ ಹಾರಿಸಿತು. ಬೆಂಗಳೂರಿನಲ್ಲಿ ಪಿಕ್ಸೆಲ್, ಬೆಲಾಟ್ರಿಕ್ಸ್, ದಿಗಂತರ, ಸ್ಯಾಟ್‌ಶೂರ್ ಇವೆ. ಪಿಕ್ಸೆಲ್ ಸಂಸ್ಥಾಪಕರಲ್ಲಿ ಒಬ್ಬರಾದ ಅವೈಸ್ ಅಹ್ಮದ್ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನವರು. ಬಿಟ್ಸ್ ಪಿಲಾನಿಯಲ್ಲಿ ಓದುವಾಗ ಹೈಪರ್‌ಲೂಪ್ ತಂಡದಲ್ಲಿ ಕೆಲಸ ಮಾಡಿ, 2019ರಲ್ಲಿ ಸಹಪಾಠಿಯೊಡನೆ ಕಂಪನಿ ಶುರುಮಾಡಿದರು. ಇಂಥ ಕಂಪನಿಗಳ ಸಂದರ್ಶನದಲ್ಲಿ ಶೇಕಡಾವಾರು ಅಂಕಕ್ಕಿಂತ ‘ನೀವು ಏನು ಕಟ್ಟಿದ್ದೀರಿ, ಅದು ಎಲ್ಲಿ ಕೆಟ್ಟಿತು, ಹೇಗೆ ಪತ್ತೆಮಾಡಿದಿರಿ’ ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ಎಂಬೆಡೆಡ್ ಸಿ, ಎಫ್‌ಪಿಜಿಎ, ರೇಡಿಯೊ ಆವರ್ತನ ವಿನ್ಯಾಸ, ಉಷ್ಣ ವಿಶ್ಲೇಷಣೆ, ಉಪಗ್ರಹದ ದಿಕ್ಕು ನಿಯಂತ್ರಣ ಇವು ಸದ್ಯ ಬೇಡಿಕೆಯ ವಿದ್ಯೆಗಳು. ಒಂದು ಮಾತು ಪೋಷಕರಿಗೆ ಸ್ಪಷ್ಟವಾಗಿ ಹೇಳಬೇಕು: ಇಲ್ಲಿ ಸರ್ಕಾರಿ ನೌಕರಿಯ ಭದ್ರತೆ ಇಲ್ಲ, ಹೂಡಿಕೆ ನಿಂತರೆ ಕೆಲಸವೂ ನಿಲ್ಲಬಹುದು, ಮತ್ತು ಒಟ್ಟು ಹುದ್ದೆಗಳ ಸಂಖ್ಯೆ ಐಟಿ ಕ್ಷೇತ್ರದ ಪಕ್ಕದಲ್ಲಿ ಇನ್ನೂ ತೀರ ಸಣ್ಣದು.

ಎಂಜಿನಿಯರಿಂಗ್ ಆಚೆಗಿನ ದಾರಿಗಳನ್ನು ನಾವು ಮರೆಯುತ್ತೇವೆ. 2025ರ ಜೂನ್-ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯವನ್ನು ಮೊಳಕೆ ಬರಿಸಿದರಲ್ಲ, ಆ ಪ್ರಯೋಗ ರೂಪುಗೊಂಡದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಐಐಟಿ ಧಾರವಾಡದ ಜೊತೆಗೂಡಿ. ಮನುಷ್ಯರನ್ನು ಕಳಿಸುವ ಯೋಜನೆಗೆ ವೈದ್ಯರು ಬೇಕು. ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಗಗನಯಾತ್ರಿಗಳ ಆಯ್ಕೆಯಲ್ಲಿ ಪಾಲ್ಗೊಂಡಿದೆ. ಭೂಗೋಳ, ಭೂವಿಜ್ಞಾನ, ಕೃಷಿ, ಅರಣ್ಯಶಾಸ್ತ್ರ ಓದಿದವರಿಗೆ ಉಪಗ್ರಹ ಚಿತ್ರಗಳನ್ನು ಓದುವ ಕೆಲಸವಿದೆ: ಬೆಳೆ ಅಂದಾಜು, ಕೆರೆ ಒತ್ತುವರಿ, ಕಾಡ್ಗಿಚ್ಚು. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಇದಕ್ಕೆ ಉಚಿತ ಆನ್‌ಲೈನ್ ಪಾಠಗಳನ್ನೂ ನಡೆಸುತ್ತದೆ. ರಾಜ್ಯದ ದೂರಸಂವೇದಿ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಬಿಎಸ್ಸಿ ಪದವೀಧರರಿಗೆ ಇದಕ್ಕಿಂತ ಹತ್ತಿರದ ಬಾಹ್ಯಾಕಾಶ ವೃತ್ತಿ ಬೇರೆ ಇಲ್ಲ.

ವಿದೇಶದ ಆಸೆಯ ಬಗ್ಗೆಯೂ ನೇರ ಮಾತು ಬೇಕು. ನಾಸಾದ ಸರ್ಕಾರಿ ಹುದ್ದೆಗಳಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ಅಲ್ಲಿನ ಖಾಸಗಿ ರಾಕೆಟ್ ಕಂಪನಿಗಳು ಶಸ್ತ್ರಾಸ್ತ್ರ ರಫ್ತು ನಿಯಮಗಳ ಕಾರಣದಿಂದ ಪೌರರನ್ನು ಇಲ್ಲವೆ ಗ್ರೀನ್ ಕಾರ್ಡ್ ಇದ್ದವರನ್ನೇ ಹುಡುಕುತ್ತವೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಮುಖ್ಯವಾಗಿ ತನ್ನ ಸದಸ್ಯ ದೇಶಗಳವರಿಗೆ ಕೆಲಸ ಕೊಡುತ್ತದೆ. ಎಂಎಸ್ ಮಾಡಲು ದೊಡ್ಡ ಸಾಲ ಎತ್ತುವ ಮೊದಲು ಇದು ತಿಳಿದಿರಲೇಬೇಕು. ಸೀಟು ಕೊಡಿಸುವ ಏಜೆಂಟರು ಇದನ್ನು ಹೇಳುವುದಿಲ್ಲ. ಶಾಲಾ ಮಕ್ಕಳನ್ನು ಲಕ್ಷಗಟ್ಟಲೆ ಹಣ ಪಡೆದು ‘ನಾಸಾ ಪ್ರವಾಸ’ಕ್ಕೆ ಒಯ್ಯುವುದೂ ತರಬೇತಿಯಲ್ಲ. ಇಸ್ರೋ 2019ರಿಂದ ಒಂಬತ್ತನೇ ತರಗತಿಯವರಿಗಾಗಿ ನಡೆಸುವ ‘ಯುವಿಕಾ’ ಶಿಬಿರ ಆ ಮಕ್ಕಳಿಗೆ ನಿಜಕ್ಕೂ ಉಪಯುಕ್ತ, ಅದಕ್ಕೆ ಶುಲ್ಕವೂ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇರುವ ನಿಜವಾದ ಅಡ್ಡಿ ಗಣಿತವಲ್ಲ, ದಾಖಲೆ. ಈ ಕ್ಷೇತ್ರದಲ್ಲಿ ಪ್ರತಿ ಹೆಜ್ಜೆಯೂ ಇಂಗ್ಲಿಷಿನ ಕಾರ್ಯವಿಧಾನ ಪತ್ರಗಳ ಮೇಲೆ ನಡೆಯುತ್ತದೆ. ಓದಿ ಅರ್ಥಮಾಡಿಕೊಳ್ಳಬೇಕು, ಆದ ಲೋಪವನ್ನು ಬರೆದು ತಿಳಿಸಬೇಕು. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಈ ಬರವಣಿಗೆಯನ್ನು ವಾರಕ್ಕೊಂದು ತಾಸು ಕಲಿಸಿದರೂ ಸಂದರ್ಶನದಲ್ಲಿ ಬಾಯಿಕಟ್ಟಿ ಕೂರುವ ಎಷ್ಟೋ ಮಕ್ಕಳು ಗೆದ್ದು ಬರುತ್ತಾರೆ. ಪಾಠವನ್ನು ಕನ್ನಡದಲ್ಲಿ ತಿಳಿಸಿ, ದಾಖಲೆಯನ್ನು ಇಂಗ್ಲಿಷಿನಲ್ಲಿ ಬರೆಸುವುದು ಅಸಾಧ್ಯವೇನಲ್ಲ.

ರಾಜ್ಯದ ಬಾಹ್ಯಾಕಾಶ ತಂತ್ರಜ್ಞಾನ ನೀತಿ 50,000 ಯುವಜನರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿದೆ. ಎರಡು ದಿನದ ಸೆಮಿನಾರಿಗೆ ಬಂದು ಪ್ರಮಾಣಪತ್ರ ಪಡೆದವರನ್ನು ಆ ಲೆಕ್ಕಕ್ಕೆ ಸೇರಿಸಬಾರದು. ಹಣವನ್ನು ಮೊದಲು ಜಿಲ್ಲಾ ಪಾಲಿಟೆಕ್ನಿಕ್‌ಗಳ ಭೂಕೇಂದ್ರಗಳಿಗೆ ಕೊಡಲಿ. ಹಳೆಯ ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ರೇಡಿಯೊ ರಿಸೀವರ್, ಉಕ್ಕಿನ ಅಳತೆ ಟೇಪನ್ನು ಕತ್ತರಿಸಿ ಮಾಡುವ ಯಾಗಿ ಆಂಟೆನಾ ಇದ್ದರೆ ಶುರುಮಾಡಬಹುದು. ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೊ 145.800 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತದೆ. ಅದು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುವಾಗ ಆವರ್ತನ ಮೂರು ಕಿಲೋಹರ್ಟ್ಸ್ ಚಿಲ್ಲರೆ ಮೇಲೇರಿ, ತಲೆ ಮೇಲೆ ದಾಟುವಾಗ ಸರಿಯಾಗಿ, ಹೋಗುವಾಗ ಅಷ್ಟೇ ಕೆಳಗಿಳಿಯುತ್ತದೆ. ಡಾಪ್ಲರ್ ಪರಿಣಾಮದ ಪಾಠ ಹತ್ತು ನಿಮಿಷದಲ್ಲಿ ಕಿವಿಗೇ ಬೀಳುತ್ತದೆ. ಹವ್ಯಾಸಿ ರೇಡಿಯೊ ಪರವಾನಗಿಯ ಪರೀಕ್ಷೆಯನ್ನು 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ಇನ್ನು ಈ ವರ್ಷ ಕಾಲೇಜು ಹುಡುಕುತ್ತಿರುವವರು ಪ್ರವೇಶ ಶುಲ್ಕ ಕಟ್ಟುವ ಮೊದಲು ಪ್ರಯೋಗಾಲಯದ ಬಾಗಿಲು ತೆಗೆಸಿ, ಬೆಸುಗೆ ಮೇಜಿನ ಮೇಲೆ ಧೂಳು ಕೂತಿದೆಯೇ ನೋಡಲಿ. ಕಳೆದ ವರ್ಷದ ವಿದ್ಯಾರ್ಥಿಗಳು ಕಟ್ಟಿದ್ದನ್ನು ತೋರಿಸಿ ಎಂದು ಕೇಳಲಿ. ಸಾಧ್ಯವಾದರೆ ಆ ವಿದ್ಯಾರ್ಥಿಗಳನ್ನೇ ಮಾತಾಡಿಸಲಿ.